ಬೀಳ್ತೈತೆ ಅನ್ನುವ ಚಿಕ್ಕಮ್ಮ

ಏನಾದರೂ ಬಿದ್ದರೆ ಸಾಕು, ನಮ್ಮ ಚಿಕ್ಕಮ್ಮನ ಮುಖ ಅರಳುತ್ತದೆ! ಸರ್ಕಾರ ಬೀಳಲಿ, ಟೊಮೆಟೊ ರೇಟು ಬೀಳಲಿ, ಎದುರುಮನೆಯವರ ಹೊಸ ಕಾಂಪೌಂಡು ಬೀಳಲಿ, "ನಾ ಅವತ್ತೇ ಹೇಳಿರ್ಲಿಲ್ವಾ?" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಲ್ಲುತ್ತಾಳೆ. ಹೇಳಿರುತ್ತಾಳೆ, ಸುಳ್ಳಲ್ಲ. ನಿಂತಿರುವ ಯಾವುದನ್ನೇ ನೋಡಲಿ, ಅವಳ ಬಾಯಲ್ಲಿ ಬರುವುದು ಒಂದೇ ಮಾತು: "ಬೀಳ್ತೈತೆ." ತೊಂದರೆ ಏನೆಂದರೆ, ಅವಳು ಹಾಗೆ ಅಂದದ್ದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಇವತ್ತಿಗೂ ಗಟ್ಟಿಯಾಗಿ ನಿಂತಿವೆ. ನನ್ನ ವಿಷಯದಲ್ಲಿ ಅವಳ ಭವಿಷ್ಯ ನಿಜವಾದದ್ದು ಜೀವಮಾನದಲ್ಲಿ ಒಂದೇ ಸಲ. ಆರು ವರ್ಷದವನಿದ್ದಾಗ ಜಗಲಿಯಿಂದ ಬಿದ್ದು ಹಲ್ಲು ಉದುರಿಸಿಕೊಂಡೆ. ಅದೂ ಹಾಲುಹಲ್ಲು, ಹೇಗೂ ಬೀಳುವಂಥದ್ದೇ!

ನಾನು ಹುಟ್ಟಿದಾಗ ಚಿಕ್ಕಮ್ಮ ಇನ್ನೂ ಲಂಗದಾವಣಿಯ ಹುಡುಗಿ. ಬಾಣಂತಿ ಕೋಣೆಗೆ ಬಂದು, ತೊಟ್ಟಿಲಲ್ಲಿ ಇಣುಕಿ, ಅಕ್ಕನಿಗೆ ಹೇಳಿದ ಮೊದಲ ಮಾತು ಕೇಳಿ: "ಈ ಕೂಸು ಉಳಿಯಲ್ಲ ಬಿಡಕ್ಕ." ಹಸಿ ಬಾಣಂತಿಗೆ ಯಾರಾದರೂ ಹೇಳುವ ಮಾತೇ ಇದು? ಅಮ್ಮ ಮೂರು ತಿಂಗಳು ತಂಗಿಯ ಜೊತೆ ಮಾತು ಬಿಟ್ಟಿದ್ದಳಂತೆ. ಆ ಉಳಿಯದ ಕೂಸಿಗೆ ಈಗ ನಲವತ್ನಾಲ್ಕು ವರ್ಷ, ಹೊಟ್ಟೆ ಬಂದಿದೆ, ಹೊನ್ನಾಳಿಯ ಪದವಿಪೂರ್ವ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುತ್ತದೆ.

ನನ್ನ ಮದುವೆಯಲ್ಲಿ ಧಾರೆ ಮುಗಿದು ಇನ್ನೂ ಕೈಯ ನೀರು ಒಣಗಿರಲಿಲ್ಲ. ಚಿಕ್ಕಮ್ಮ ನನ್ನ ಅತ್ತೆಯ ಪಕ್ಕದಲ್ಲೇ ಕೂತು, "ಈ ಹುಡುಗಿ ಆರು ತಿಂಗಳು ನಿಲ್ಲಲ್ಲ, ತವರಿಗೆ ಓಡ್ತಾಳೆ ನೋಡ್ರಿ" ಅಂದಳು! ಅತ್ತೆಯ ಕೈಯಲ್ಲಿದ್ದ ಲಾಡು ನೆಲಕ್ಕೆ ಬಿತ್ತು. ಹದಿನೆಂಟು ವರ್ಷವಾಯಿತು, ಓಡಿಲ್ಲ. ಚಿಕ್ಕಮ್ಮನ ಮಾತು ಒಂದೆರಡು ದಿನದ ಮಟ್ಟಿಗಾದರೂ ನಿಜವಾಗಬಾರದೇ ಎಂದು ನನಗೇ ಆಗಾಗ ಅನಿಸಿದ್ದುಂಟು. ಇದನ್ನು ನನ್ನ ಹೆಂಡತಿ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆದಿದ್ದೇನೆ.

ಒಮ್ಮೆ ಮನೆಮಂದಿಯೆಲ್ಲ ಸೂಳೆಕೆರೆ ನೋಡಲು ಹೋಗಿದ್ದೆವು. ಸಮುದ್ರದಂಥ ಕೆರೆ, ತಲೆಮಾರುಗಳಿಂದ ಗಟ್ಟಿಯಾಗಿ ಕೂತಿರುವ ಏರಿ. ಬಂದವರೆಲ್ಲ ಏರಿಯ ಮೇಲೆ ಬುತ್ತಿ ಬಿಚ್ಚಿ ಕೂತಿದ್ದರು. ಚಿಕ್ಕಮ್ಮ ಕಾಲಿನಿಂದ ಏರಿಯನ್ನು ಎರಡು ಸಲ ಒತ್ತಿ ನೋಡಿ, ಎಲ್ಲರಿಗೂ ಕೇಳುವಂತೆ, "ಇದು ಒಡಿತೈತೆ" ಎಂದು ಘೋಷಿಸಿದಳು. ಪಕ್ಕದಲ್ಲಿದ್ದ ಎರಡು ಸಂಸಾರದವರು ರೊಟ್ಟಿ ಗಂಟು ಕಟ್ಟಿಕೊಂಡು ಎದ್ದೇಬಿಟ್ಟರು! ಚಿಕ್ಕಪ್ಪ ಮಾತ್ರ ಮೆಣಸಿನಕಾಯಿ ಬಜ್ಜಿ ಕಡಿಯುತ್ತಾ, "ಏನೂ ಆಗಲ್ಲ ಕೂತ್ಕಳ್ರಿ. ಇವಳೇ, ಮಂಡಕ್ಕಿ ಇತ್ತಾಗೆ ಕೊಡು" ಅಂದರು. ಏರಿ ಈಗಲೂ ಇದೆ, ಮಂಡಕ್ಕಿ ಮಾತ್ರ ಅವತ್ತೇ ಮುಗಿಯಿತು.

ಹೌದು, ಚಿಕ್ಕಪ್ಪನ ಬಗ್ಗೆ ಹೇಳಲೇಬೇಕು. ಚಿಕ್ಕಮ್ಮನ ಬಾಯಲ್ಲಿ "ಬೀಳ್ತೈತೆ" ಇದ್ದಂತೆ ಅವರ ಬಾಯಲ್ಲಿ "ಏನೂ ಆಗಲ್ಲ ಬಿಡು". ಅವರು ಜಗಳೂರು ಕಡೆಯವರು, ಕುರಿ ಕಾಯ್ದು ಬೆಳೆದವರು. ಇವಳು ಚನ್ನಗಿರಿಯವಳು. ಇಬ್ಬರೂ ಸೇರಿ ನ್ಯಾಮತಿಯಲ್ಲಿ ಹಿಟ್ಟಿನ ಗಿರಣಿ ಇಟ್ಟು ಮೂವತ್ತು ವರ್ಷ ದಾಟಿದೆ. ಮಕ್ಕಳಿಲ್ಲ. ಗಿರಣಿಯೇ ಮಗು, ಬೆಳಗಾದರೆ ಕಿರುಚುತ್ತದೆ, ಹೊಟ್ಟೆಗೆ ಹಾಕಿದರೆ ಸುಮ್ಮನಾಗುವುದಿಲ್ಲ ಅನ್ನುವುದೊಂದೇ ವ್ಯತ್ಯಾಸ.

ಆ ಗಿರಣಿಯಲ್ಲೊಂದು ಪದ್ಧತಿ. ರಾಗಿ, ಜೋಳ, ಗೋಧಿ ಬೀಸಿದ ದುಡ್ಡು ಸಂಸಾರಕ್ಕೆ. ಒಣಮೆಣಸಿನಕಾಯಿ ಬೀಸಿದ ದುಡ್ಡು ಬೇರೆ ಡಬ್ಬಿಗೆ. ಅದನ್ನು 'ಖಾರದ ದುಡ್ಡು' ಅನ್ನುತ್ತಾರೆ. "ಖಾರದ ದುಡ್ಡಾಗೆ ಅಕ್ಕಿ ತರಬಾರದು, ಹೊಟ್ಟೆ ಉರಿತೈತೆ" ಎಂದು ಚಿಕ್ಕಮ್ಮನ ಶಾಸ್ತ್ರ. ಹಾಗಾಗಿ ಆ ಡಬ್ಬಿ ತುಂಬುತ್ತಲೇ ಇತ್ತು, ಒಂದು ಪೈಸೆ ಖರ್ಚಾಗುತ್ತಿರಲಿಲ್ಲ. ಆ ದುಡ್ಡು ಕೊನೆಗೆ ಎಲ್ಲಿಗೆ ಹೋಯಿತು ಎಂದು ಗೊತ್ತಾದದ್ದು ಒಂದು ದಿನ ಆಕಸ್ಮಿಕವಾಗಿ.

ಎರಡು ವರ್ಷದ ಹಿಂದಿನ ಮಾತು. ಸಾರಿನ ಪುಡಿ ಬೀಸಿಸಲು ಡಬ್ಬಿ ಹಿಡಿದು ಹೊನ್ನಾಳಿಯಿಂದ ನ್ಯಾಮತಿಗೆ ಹೋದೆ. ಗಿರಣಿಯ ಬಾಗಿಲ ಹತ್ತಿರ ಬರುತ್ತಿದ್ದಂತೆ ಒಳಗಿನಿಂದ ಚಿಕ್ಕಮ್ಮನ ಕೂಗು: "ಬಿತ್ತು! ಬಿತ್ತು! ಅಯ್ಯೋ, ಇನ್ನೂ ಬೀಳ್ಲಿ!" ಯಾರೋ ಬೆಲ್ಟಿಗೆ ಸಿಕ್ಕಿ ಬಿದ್ದರು ಅಂದುಕೊಂಡು ಡಬ್ಬಿ ಎಸೆದು ಒಳಗೆ ಓಡಿದೆ. ನೋಡಿದರೆ ಚಿಕ್ಕಮ್ಮ ಮೆಣಸಿನಕಾಯಿ ಚೀಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಫೋನು ನೋಡುತ್ತಿದ್ದಾಳೆ! ಹಿಟ್ಟು ಬೀಸಿಸಲು ಬಂದ ನಾಲ್ಕು ಜನ ಹೆಂಗಸರು ಸುತ್ತ ನಿಂತು ಅವಳ ಫೋನಿನೊಳಗೆ ಇಣುಕುತ್ತಿದ್ದಾರೆ.

"ಏನು ಬಿತ್ತು ಚಿಕ್ಕಮ್ಮ?"

"ಮಾರ್ಕೆಟ್ಟು! ಖಾರದ ದುಡ್ಡಾಗೆ ಪುಟ್ ತಗಂಡಿದ್ದೆ. ಬೆಳಗ್ಗಿಂದ ಜಾರಾಕ್ ಹತ್ತೈತೆ ನೋಡು, ಬಂಗಾರದಂಥ ಮಾರ್ಕೆಟ್ಟು!"

ನಾನು ಗೋಡೆ ಹಿಡಿದುಕೊಂಡೆ. ಏಳನೇ ಕ್ಲಾಸು ಓದಿದ ಹೆಂಗಸು, ಕಣ್ರೀ! ಇಪ್ಪತ್ತು ವರ್ಷದಿಂದ ಮಕ್ಕಳಿಗೆ 'ಷೇರು ಮಾರುಕಟ್ಟೆ' ಅನ್ನುವ ಪಾಠ ಮಾಡುತ್ತಿರುವ ನಾನು ಒಂದೇ ಒಂದು ಷೇರು ಕೊಂಡವನಲ್ಲ. ಆಪ್ಷನ್ ಅಂದರೆ ನಮಗೆ ಪರೀಕ್ಷೆಯಲ್ಲಿ ಬಿಡಬಹುದಾದ ಪ್ರಶ್ನೆ, ಅಷ್ಟೇ. ಇವಳು ಖಾರದ ದುಡ್ಡು ಹಾಕಿ ಷೇರುಪೇಟೆಯಲ್ಲಿ ಪುಟ್ ಆಪ್ಷನ್ ಆಡುತ್ತಿದ್ದಾಳೆ!

ಆಮೇಲೆ ಗೊತ್ತಾದದ್ದು ಇಷ್ಟು. ಗಿರಣಿಗೆ ಬರುವ ಯಾರೋ ಒಬ್ಬರು, ಮಾರ್ಕೆಟ್ಟು ಬೀಳುತ್ತದೆ ಎಂದು ಹೇಳಿಯೂ ದುಡ್ಡು ಮಾಡಬಹುದು ಎಂದು ಇವಳ ಕಿವಿಗೆ ಹಾಕಿದರಂತೆ. ಚಿಕ್ಕಮ್ಮ ಒಂದು ಗಳಿಗೆ ಗಿರಣಿಯನ್ನೇ ನಿಲ್ಲಿಸಿದಳಂತೆ. "ಬೀಳ್ತೈತೆ ಅಂದ್ರೆ ದುಡ್ಡು ಕೊಡ್ತಾರಾ? ನಾನು ಇಷ್ಟು ವರ್ಷ ಪುಕ್ಕಟೆ ಹೇಳಿಬಿಟ್ನಲ್ಲೋ!" ಎಂದು ಪೇಚಾಡಿದಳಂತೆ. ಅವತ್ತಿನಿಂದ ಫೋನಿನಲ್ಲಿ ಪಾಠ ಕೇಳಿ ಕೇಳಿ, ಆರು ತಿಂಗಳಲ್ಲಿ ಖಾತೆ ತೆರೆದು ಕೂತಿದ್ದಳು.

"ಪುಟ್ ಅಂದ್ರೆ ಏನು ಅಂತ ಗೊತ್ತಾ ನಿನಗೆ?" ಎಂದೆ, ಮೇಷ್ಟ್ರ ದನಿಯಲ್ಲಿ.

"ಲೆಕ್ಚರರ್ ಸಾಹೇಬ್ರೇ, ನೀವು ಹೇಳ್ರಿ ನೋಡಾನ" ಅಂದಳು. ನಾನು ಪುಸ್ತಕದಲ್ಲಿದ್ದಂತೆ, "ಆಧಾರ ಆಸ್ತಿಯನ್ನು ಪೂರ್ವನಿಗದಿತ ಬೆಲೆಗೆ ಮಾರುವ, ಆದರೆ ಬಾಧ್ಯತೆಯಲ್ಲದ..." ಎಂದು ಶುರು ಮಾಡಿದೆ. ಹೆಂಗಸರೆಲ್ಲ ನನ್ನ ಮುಖ ನೋಡಿದರು. ಒಬ್ಬಳು ಆಕಳಿಸಿದಳು.

"ಸಾಕು ಬಿಡಪ್ಪ, ಹಿಟ್ಟು ತಣ್ಣಗಾತು" ಎಂದ ಚಿಕ್ಕಮ್ಮ ತಾನೇ ಹೇಳಿದಳು. "ಚನ್ನಗಿರ್ಯಾಗೆ ನಮ್ಮಪ್ಪ ಚೇಣಿ ಹಿಡಿತಿದ್ನಲ್ಲ, ಅಡಿಕೆ ಇನ್ನೂ ಮರದಾಗೆ ಇರೋವಾಗ್ಲೇ ತೋಟದೋರಿಗೆ ಇಂಥಾ ರೇಟಿಗೆ ತಗಂತೀನಿ ಅಂತ ಮಾತು ಕೊಡ್ತಿದ್ದ. ಇದೂ ಹಂಗೇ. ಮಾರ್ಕೆಟ್ಟು ಬಿದ್ರೂ ಹಳೇ ರೇಟಿಗೇ ತಗಂತೀನಿ ಅಂತ ಒಬ್ಬ ನಂಗೆ ಮಾತು ಕೊಟ್ಟಿರ್ತಾನೆ. ಹಂಗೆ ಮಾತು ಕೊಡಾಕೆ ಅವನಿಗೆ ಮೊದ್ಲೇ ಒಂದಿಷ್ಟು ದುಡ್ಡು ಕೊಟ್ಟಿರ್ತೀನಿ. ಬಿತ್ತಾ, ನಂಗೆ ಲಾಭ. ಬೀಳ್ಲಿಲ್ವಾ, ಕೊಟ್ಟ ದುಡ್ಡು ಹೋತು, ಅಷ್ಟೇ. ನಮ್ಮಪ್ಪ ಪೆದ್ದ, ದುಡ್ಡು ಇಸ್ಕಳ್ದೆ ಪುಕ್ಕಟೆ ಮಾತು ಕೊಟ್ಟ."

ಆ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಒಂದು ವರ್ಷ ತಾತ ಜಗಲಿಯ ಮೇಲೆ ಕೂತು, "ಏನೂ ಆಗಲ್ಲ, ರೇಟು ಬೀಳಲ್ಲ" ಎಂದು ದೊಡ್ಡ ಚೇಣಿ ಹಿಡಿದರು. ಎಂಟು ದಿನಕ್ಕೆ ರೇಟು ಬಿತ್ತು. ತಾತ ಮಾತು ತಪ್ಪಲಿಲ್ಲ. ಹೇಳಿದ ರೇಟಿಗೇ ಅಡಿಕೆ ಎತ್ತಿದರು, ಅಜ್ಜಿಯ ಸರ, ಬಳೆ ಎಲ್ಲ ಹೋಯಿತು. ಚಿಕ್ಕಮ್ಮನಿಗೆ ಆಗ ಹತ್ತು ವರ್ಷ. "ಅವತ್ತಿಂದ ಒಳ್ಳೇದಾಗ್ತೈತೆ ಅಂತ ಬಾಯಿ ಬಿಟ್ಟು ಹೇಳಿಲ್ಲ ನೋಡು ನಾನು" ಎಂದು ನಗುತ್ತಾ ಹೇಳಿದಳು. ನಾನೂ ನಕ್ಕೆ. ನಗುವ ಮಾತೆಂದೇ ತಿಳಿದಿದ್ದೆ.

ಅಂದಹಾಗೆ ಅವತ್ತು ಮಧ್ಯಾಹ್ನ ಮೂರೂವರೆಗೆ ಮಾರ್ಕೆಟ್ಟು ಮುಚ್ಚುವ ಹೊತ್ತಿಗೆ ಬಿದ್ದದ್ದೆಲ್ಲ ಎದ್ದು ಕೂತಿತ್ತು. ಕೊಟ್ಟ ದುಡ್ಡು ಹೋಯಿತು. ಚಿಕ್ಕಮ್ಮ ಫೋನು ಸೆರಗಲ್ಲಿ ಒರೆಸಿ, "ನಾಳೆ ಬೀಳ್ತೈತೆ" ಅಂದಳು.

ಹೀಗೆ ಹತ್ತರಲ್ಲಿ ಎಂಟು ಸಲ ಅವಳ ದುಡ್ಡು ಹೋಗುತ್ತಿತ್ತು. ನ್ಯಾಮತಿಯ ಜನ ಏನು ಕಮ್ಮಿಯೇ? ಅಕ್ಕ ಬೀಳುತ್ತೆ ಅಂದರೆ ಏರುತ್ತೆ ಎಂದು ಲೆಕ್ಕ ಹಿಡಿದುಬಿಟ್ಟರು. ಬೆಳಿಗ್ಗೆ ಬೆಳಿಗ್ಗೆಯೇ, "ಅಕ್ಕಾ, ಇವತ್ತು ಹೆಂಗೆ?" ಎಂದು ಕೇಳಿಕೊಂಡು, ಅದಕ್ಕೆ ಸರಿಯಾಗಿ ಉಲ್ಟಾ ಆಡಲು ನಾಲ್ಕು ಜನ ಬರುತ್ತಿದ್ದರಂತೆ, ಕೈಯಲ್ಲಿ ನೆಪಕ್ಕೆ ಅರ್ಧ ಸೇರು ಗೋಧಿ!

ಹೆಂಡತಿಯ ದುಡ್ಡು ಹೋಗುವುದನ್ನು ನೋಡಿ ಚಿಕ್ಕಪ್ಪ ತಡೆಯಬೇಕಲ್ಲವೇ? ನಾನೂ ಹಾಗೇ ಅಂದುಕೊಂಡು, ಒಂದು ಭಾನುವಾರ ಅವರನ್ನು ಪಕ್ಕಕ್ಕೆ ಕರೆದೆ. "ಚಿಕ್ಕಪ್ಪ, ಇದು ಸರಿಯಲ್ಲ. ಚಿಕ್ಕಮ್ಮನಿಗೆ ಸ್ವಲ್ಪ ಬುದ್ಧಿ ಹೇಳ್ರಿ."

"ಹೇಳಾಕೆ ಹೋಗಿದ್ದೆ ಕಣಪ್ಪ" ಎಂದರು ಚಿಕ್ಕಪ್ಪ, ಮೀಸೆಯ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತಾ. "ಪುಟ್ ಯಾಕೆ ತಗಂತೀಯೇ, ಮಾರ್ಕೆಟ್ಟು ಏರಾದೂ ಇಲ್ಲ, ಬೀಳಾದೂ ಇಲ್ಲ, ಇದ್ದಲ್ಲೇ ಇರ್ತೈತೆ ಅಂದೆ. ಅದಕ್ಕೂ ಒಂದು ಆಟ ಐತಂತೆ! ನಾನೂ ಶುರು ಮಾಡೀನಿ."

ಬೇಲಿಯೇ ಎದ್ದು ಹೊಲ ಮೇಯಲು ಹೊರಟರೆ ಯಾರಿಗೆ ಹೇಳುವುದು?

ಚಿಕ್ಕಪ್ಪನ ಆಟ ಅವರ ಸ್ವಭಾವದ ಹಾಗೇ ಇತ್ತು. ಗಿರಣಿಯ ನೆಲದ ಮೇಲೆ ಚೆಲ್ಲಿದ ಹಿಟ್ಟಿನಲ್ಲಿ ಬೆರಳಿನಿಂದ ನಾಲ್ಕು ಗೆರೆ ಎಳೆದು ತೋರಿಸಿದರು. "ಮಾರ್ಕೆಟ್ಟು ಅಂದ್ರೆ ಕುರಿ. ನಮ್ಮ ಜಗಳೂರಾಗೆ ಕುರಿಗೆ ರೊಪ್ಪ ಹಾಕ್ತೀವಲ್ಲ, ಮುಳ್ಳುಬೇಲಿ ದೊಡ್ಡಿ, ಹಂಗೇ. ಮೇಲೊಂದು ಬೇಲಿ, ಕೆಳಗೊಂದು ಬೇಲಿ. ಇಷ್ಟರ ಮೇಲೆ ಏರಲ್ಲ ಅಂತ ಒಬ್ಬನಿಗೆ ಮಾತು ಕೊಡ್ತೀನಿ, ಇಷ್ಟರ ಕೆಳಗೆ ಇಳಿಯಲ್ಲ ಅಂತ ಇನ್ನೊಬ್ಬನಿಗೆ. ಇಬ್ರೂ ನಂಗೆ ದುಡ್ಡು ಕೊಡ್ತಾರೆ. ಹೇಳಿದ ದಿನದ ತನಕ ಕುರಿ ರೊಪ್ಪದಾಗೆ ಇತ್ತಾ, ಎರಡೂ ಕಡೆ ದುಡ್ಡು ನಂದು."

"ಕುರಿ ಬೇಲಿ ಹಾರಿದ್ರೆ?"

"ಅದಕ್ಕೇ ಆಚೆಗೆ ಇನ್ನೊಂದೊಂದು ಬೇಲಿ. ಬಂದ ದುಡ್ಡಾಗೆ ಸ್ವಲ್ಪ ಅದಕ್ಕೆ ಖರ್ಚು. ಒಳಗಿಂದು ಹಾರಿದ್ರೂ ನಷ್ಟ ಹೊರಗಿನ ಬೇಲಿಗೆ ನಿಲ್ತೈತೆ."

ಪುಸ್ತಕ ತೆಗೆದು ನೋಡಿದೆ. ಅದೇ ಆಟಕ್ಕೆ ಅಲ್ಲಿ ಯಾವುದೋ ದೂರದ ದೇಶದ ರಣಹದ್ದಿನ ಹೆಸರಿತ್ತು, ಎರಡು ಪುಟ ಸೂತ್ರವಿತ್ತು, ನನಗೆ ಒಂದಕ್ಷರ ಹತ್ತಲಿಲ್ಲ. ಮರುವಾರ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ಅದನ್ನೇ ಕೇಳಬೇಕೇ? ನಾನು ಬೆವರು ಒರೆಸಿಕೊಂಡು, "ಅದು ಸಿಲಬಸ್ಸಿನಲ್ಲಿಲ್ಲ, ಕೂತ್ಕೋ" ಅಂದೆ. "ಇರಲಿ ಬಿಡಿ ಸಾರ್. ನ್ಯಾಮತಿ ಗಿರಣಿಯೋರು ಹೇಳಿಕೊಟ್ರು, ನಿಮಗೆ ಗೊತ್ತೈತಾ ಅಂತ ಕೇಳಿದ್ದು" ಅಂದಳು! ಇಡೀ ತರಗತಿ ಗೊಳ್ಳೆಂದಿತು.

ಹೀಗೆ ಒಂದೇ ಗಿರಣಿಯಲ್ಲಿ ಎರಡು ಪಕ್ಷವಾದವು. ಚಿಕ್ಕಮ್ಮ ದಿನದಿನಕ್ಕೆ ಜಾಣೆಯಾಗುತ್ತಿದ್ದಳು. ಬರೀ ಪುಟ್ ಕೊಂಡರೆ ದುಬಾರಿ ಎಂದು, ಮೇಲಿನ ರೇಟಿನದೊಂದು ಕೊಂಡು ಕೆಳಗಿನ ರೇಟಿನದೊಂದು ಮಾರತೊಡಗಿದಳು. "ಮಾರಿದ ದುಡ್ಡು ಕೊಂಡಿದ್ದಕ್ಕೆ ಜಮಾ. ಪ್ರಪಂಚ ಪೂರ್ತಿ ಮುಳುಗಿದ್ರೆ ಪೂರ್ತಿ ಲಾಭ ಸಿಗಲ್ಲ, ನಿಜ. ನಂಗೆ ಮೊಣಕಾಲು ಮಟ್ಟ ಮುಳುಗಿದ್ರೆ ಸಾಕು" ಎಂದು ಬಹಳ ಉದಾರವಾಗಿ ಹೇಳಿದಳು. ಬೀಳದಿದ್ದರೂ ಚಿಂತೆಯಿಲ್ಲ, ಏರದಿದ್ದರೆ ಸಾಕು ಅನ್ನುವ ಇನ್ನೊಂದು ಆಟವೂ ಇದೆಯಂತೆ. ಚಿಕ್ಕಪ್ಪ ಅದನ್ನು ರಾಜಿಸೂತ್ರವಾಗಿ ಮುಂದಿಟ್ಟರು. "ಥೂ, ಅದು ಅತ್ಲಾಗೂ ಅಲ್ಲ, ಇತ್ಲಾಗೂ ಅಲ್ಲ" ಎಂದು ಚಿಕ್ಕಮ್ಮ ಮುಖ ತಿರುಗಿಸಿದಳು.

ನಿಜ ಹೇಳಬೇಕೆಂದರೆ ಗೆಲ್ಲುತ್ತಿದ್ದದ್ದು ಚಿಕ್ಕಪ್ಪನೇ. ಮಾರ್ಕೆಟ್ಟು ಬಹಳ ದಿನ ಎಲ್ಲಿಗೂ ಹೋಗುವುದಿಲ್ಲ, ಕುರಿಯ ಹಾಗೆ ಇದ್ದಲ್ಲೇ ಮೆಲುಕು ಹಾಕುತ್ತದೆ. ತಿಂಗಳು ತಿಂಗಳು ಚಿಕ್ಕಾಸು ಬೀಳುತ್ತಿತ್ತು. ಆದರೆ ಅವರ "ಏನೂ ಆಗಲ್ಲ" ಬರೀ ಮಾರ್ಕೆಟ್ಟಿಗೆ ನಿಂತಿರಲಿಲ್ಲ, ಅದೇ ನನಗೆ ಗಾಬರಿ. ಜೋಳದ ಚೀಲ ಎತ್ತಿದರೆ ನಡುವೆ ನಿಂತು ಎದೆ ನೀವಿಕೊಳ್ಳುತ್ತಿದ್ದರು. ಗಿರಣಿಯ ಮೂರು ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರಿಗೆ ತೋರಿಸೋಣ ಎಂದರೆ, "ಗ್ಯಾಸು ಕಣಪ್ಪ. ಏನೂ ಆಗಲ್ಲ ಬಿಡು." ಚಿಕ್ಕಮ್ಮ ಗಿರಾಕಿಗಳ ಎದುರಿಗೇ, "ಒಂದಿನ ಈ ಬೆಲ್ಟಿನ ಹತ್ರನೇ ಹೆಣ ಆಗಿ ಬೀಳ್ತೀರಿ, ನಾನು ಬರ್ಕೊಡ್ತೀನಿ" ಅನ್ನುತ್ತಿದ್ದಳು. ಕೇಳಿದವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಗಂಡನಿಗೆ ಇಂಥ ಮಾತೇ! ಚಿಕ್ಕಪ್ಪ ಮಾತ್ರ ಯಾವುದೋ ಹಾರೈಕೆ ಕೇಳಿಸಿಕೊಂಡವರ ಹಾಗೆ ತಣ್ಣಗೆ ನಗುತ್ತಿದ್ದರು.

ಮೂರು ತಿಂಗಳು ಸತತ ಕುರಿ ರೊಪ್ಪದೊಳಗೇ ಇತ್ತು. ಚಿಕ್ಕಪ್ಪನಿಗೆ ಹುಮ್ಮಸ್ಸು ಬಂತು. "ಹೊರಗಿನ ಬೇಲಿಗೆ ಸುಮ್ನೆ ದುಡ್ಡು ದಂಡ" ಎಂದು ಅದನ್ನು ತೆಗೆದೇಬಿಟ್ಟರು. ಚಿಕ್ಕಮ್ಮ ಅವತ್ತು ಜಗಳ ಮಾಡಿದಳು. "ತೋಳ ದಿನಾ ಬರಲ್ಲ ಅಂತ ಬೇಲಿ ಕೀಳ್ತಾರೇನ್ರಿ? ನೀವು ಕುರಿ ಕಾಯ್ದೋರಾ ಇಲ್ಲಾ ಕಥೆ ಹೇಳ್ತೀರಾ?" ಚಿಕ್ಕಪ್ಪನ ಉತ್ತರ ನಿಮಗೇ ಗೊತ್ತು.

ಬೇಲಿ ತೆಗೆದ ನಾಲ್ಕನೇ ವಾರ ಒಂದು ಬೆಳಿಗ್ಗೆ ಮಾರ್ಕೆಟ್ಟು ತೆರೆಯುತ್ತಿದ್ದಂತೆ ಕುರಿ ಒಂದೇ ನೆಗೆತಕ್ಕೆ ಮೇಲಿನ ಬೇಲಿ ಹಾರಿ ಹೋಯಿತು. ಹೊರಗೆ ಬೇಲಿಯೇ ಇಲ್ಲ! ಮೂರು ತಿಂಗಳ ಗಳಿಕೆ, ಅದರ ಜೊತೆಗೆ ಡಬ್ಬಿಯ ಅರ್ಧ ಖಾರದ ದುಡ್ಡು ಚಹಾ ಕುಡಿಯುವಷ್ಟರಲ್ಲಿ ಹೋಯಿತು. ನಾನು ಅವತ್ತು ರಜೆಯಿದ್ದು ಅಲ್ಲೇ ಇದ್ದೆ. ಚಿಕ್ಕಪ್ಪ ಮೋಟರು ಆರಿಸಿ ಮೆಣಸಿನಕಾಯಿ ಚೀಲದ ಮೇಲೆ ಕೂತರು. ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. ಹಿಟ್ಟೇ ಹತ್ತಿದೆ ಅಂದುಕೊಂಡೆವು.

"ಹೋಗ್ಲಿ ಬಿಡ್ರಿ" ಎಂದಳು ಚಿಕ್ಕಮ್ಮ. "ಖಾರದ ದುಡ್ಡು ತಾನೆ. ಇಷ್ಟಕ್ಕೆಲ್ಲ ಎದೆ ಹಿಡ್ಕಂಡು ಕೂರ್ತಾರಾ?"

"ದುಡ್ಡಲ್ಲ ಕಣೇ" ಅಂದರು ಚಿಕ್ಕಪ್ಪ. "ಎದೆನೇ."

ದಾವಣಗೆರೆಯ ಆಸ್ಪತ್ರೆಗೆ ಹೋಗುವಷ್ಟರಲ್ಲಿ ನಮ್ಮ ಜೀವ ನಮ್ಮ ಕೈಯಲ್ಲಿರಲಿಲ್ಲ. ಹೃದಯದ ಮೂರು ನಾಳ ಕಟ್ಟಿವೆ, ಎದೆ ತೆರೆದು ಆಪರೇಷನ್ ಮಾಡಬೇಕು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಡಾಕ್ಟರು ನನ್ನನ್ನು ಗದರಿದರು. ಏನು ಮಾಡುತ್ತಿದ್ದೆವು? 'ಏನೂ ಆಗಲ್ಲ' ಅನ್ನುತ್ತಿದ್ದೆವು.

ನಿಜವಾಗಿ ದಿಗಿಲು ಹುಟ್ಟಿಸಿದ್ದು ಆಪರೇಷನ್ ಅಲ್ಲ, ಚಿಕ್ಕಮ್ಮ. ದಿನ ಗೊತ್ತುಮಾಡಿ ಮಂಚದ ಮೇಲೆ ಮಲಗಿಸಿದ ಮೂರು ದಿನವೂ ಅವಳು ಒಂದೇ ಒಂದು ಕೆಟ್ಟ ಮಾತಾಡಲಿಲ್ಲ! ಇದ್ದಬದ್ದ ಪುಟ್‌ಗಳನ್ನೆಲ್ಲ ಮಾರಿ ಫೋನು ಬ್ಯಾಗಿಗೆ ಹಾಕಿದಳು. ಪಕ್ಕದ ಮಂಚದ ಹೆಂಗಸಿಗೆ, "ನಿಮ್ಮೋರಿಗೆ ಹುಷಾರಾಗ್ತೈತೆ ಬಿಡ್ರಿ" ಎಂದಳು. ಗಂಡನ ಹಣೆ ಒರೆಸುತ್ತಾ ಮೆಲ್ಲಗೆ, "ಏನೂ ಆಗಲ್ಲ ರೀ" ಅಂದಳು.

ಚಿಕ್ಕಪ್ಪನ ಕಣ್ಣು ಅಗಲವಾಯಿತು. ಅವಳು ಕಾಫಿ ತರಲು ಹೋದದ್ದೇ ತಡ, ನನ್ನ ಕೈ ಹಿಡಿದುಕೊಂಡರು. "ನಿಮ್ಮ ಚಿಕ್ಕಮ್ಮ ನನ್ನ ಕೈ ಬಿಟ್ಲು ಕಣಪ್ಪ. ಮದ್ವೆ ಆದಾಗ್ಲಿಂದ ದಿನಾ ಸಾಯ್ತೀರಿ ಸಾಯ್ತೀರಿ ಅಂತ ಹೇಳಿ ಹೇಳಿ ಉಳಿಸ್ಕಂಡಿದ್ಲು. ಈಗ ಏನೂ ಆಗಲ್ಲ ಅಂತಾಳೆ. ಅದು ನನ್ನ ಮಾತು, ಅವಳ ಬಾಯಾಗೆ ಯಾಕೆ ಬಂತು? ನಂಗೆ ಹೆದ್ರಿಕೆ ಆಗ್ತೈತೆ." ಜಗತ್ತೇ ಮುಳುಗಿದರೂ ಮಂಡಕ್ಕಿ ಕೇಳುವ ಮನುಷ್ಯ, ಚಿಕ್ಕ ಹುಡುಗನ ಹಾಗೆ ಅಳುತ್ತಿದ್ದರು.

ಆಪರೇಷನ್ ದಿನ ಬೆಳಿಗ್ಗೆ ಹಸಿರು ಅಂಗಿ ತೊಡಿಸಿ 'ಸ್ಟ್ರೆಚರ್' ಮೇಲೆ ಮಲಗಿಸಿದರು. ಆಪರೇಷನ್ ಕೋಣೆಯ ಬಾಗಿಲ ಹತ್ತಿರ ನರ್ಸು ಗಾಡಿ ನಿಲ್ಲಿಸಿ, "ಅಮ್ಮಾ, ಎರಡು ಧೈರ್ಯದ ಮಾತು ಹೇಳಿ ಕಳಿಸ್ರಿ" ಅಂದಳು.

ಚಿಕ್ಕಪ್ಪ ಚಿಕ್ಕಮ್ಮನ ಸೆರಗಿನ ಚುಂಗು ಹಿಡಿದುಕೊಂಡರು. "ಹೇಳೇ."

ಚಿಕ್ಕಮ್ಮ ತಲೆ ಅಲ್ಲಾಡಿಸಿದಳು.

"ಹೇಳೇ ಇವಳೇ. ದಿನಾ ಹೇಳಾದು ಹೇಳು. ಹೇಳ್ದೆ ಹೆಂಗೆ ಒಳಗೆ ಹೋಗ್ಲಿ?"

"ಹೇಳಲ್ಲ ರೀ" ಅಂದಳು. "ಇದೊಂದು ಸಲ ಹೇಳಿ, ಅದು ನಿಜ ಆಗಿಬಿಟ್ರೆ?"

"ಇಷ್ಟು ದಿನದಿಂದ ಮಾರ್ಕೆಟ್ನಾಗೆ ಹೇಳ್ತಾ ಇದ್ದೀಯಲ್ಲ, ಒಂದಿನಾನಾದ್ರೂ ನಿಜ ಆತೇನೇ?"

ಚಿಕ್ಕಮ್ಮ ಒಮ್ಮೆ ಅವರ ಮುಖ ನೋಡಿದಳು. ಕಣ್ಣು ಒರೆಸಿಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬಗ್ಗಿ, ಅವರ ತಲೆ ಸವರುತ್ತಾ, ಆ ಇಡೀ ಪಡಸಾಲೆಗೆ ಕೇಳುವಂತೆ ಹೇಳಿದಳು: "ನೀವು ಈ ಬಾಗ್ಲು ದಾಟಿ ವಾಪಸ್ ಬರಲ್ಲ. ನಿಮ್ಮ ಕತೆ ಇವತ್ತಿಗೆ ಮುಗೀತು. ಬೇಕಾದ್ರೆ ಬರ್ಕೊಡ್ತೀನಿ."

ನರ್ಸಿನ ಕೈಯಲ್ಲಿದ್ದ ಫೈಲು ಬಿತ್ತು! ಗಾಡಿ ತಳ್ಳುವವನು ಬಾಯಿ ತೆರೆದು ನಿಂತ. ಪಕ್ಕದಲ್ಲಿದ್ದ ಯಾರೋ ಹೆಂಗಸು, "ಎಂಥಾ ಹೆಂಗಸಪ್ಪಾ ಇವಳು!" ಅಂದಳು. ಚಿಕ್ಕಪ್ಪ ಮಾತ್ರ ಮೂರು ದಿನದಿಂದ ಕಟ್ಟಿದ್ದ ಉಸಿರು ಬಿಟ್ಟು, ಸೆರಗಿನ ಚುಂಗು ಬಿಟ್ಟು, ಬಾಯ್ತುಂಬ ನಕ್ಕರು. "ಹಾಂ! ಇನ್ನೇನೂ ಆಗಲ್ಲ ಬಿಡು. ತಳ್ಳಪ್ಪ ಗಾಡಿ" ಅಂದರು.

ಬಾಗಿಲು ಮುಚ್ಚಿತು. ನಾವಿಬ್ಬರೂ ಬೆಂಚಿನ ಮೇಲೆ ಕೂತೆವು. ಒಂದು ಗಂಟೆ ಚಿಕ್ಕಮ್ಮ ಬಾಗಿಲ ಮೇಲಿನ ಕೆಂಪು ದೀಪವನ್ನೇ ನೋಡುತ್ತಿದ್ದಳು. ಆಮೇಲೆ ಅತ್ತ ನೋಡುತ್ತಲೇ ಹೇಳಿದಳು.

"ನಿನಗಿಂತ ಮೊದ್ಲು ನಿಮ್ಮಮ್ಮಂಗೆ ಎರಡು ಕೂಸು ಹೋಗಿದ್ವು. ಗೊತ್ತೇನೋ?"

ಗೊತ್ತಿರಲಿಲ್ಲ. ಅಮ್ಮ ಯಾವತ್ತೂ ಹೇಳಿರಲಿಲ್ಲ.

"ಎರಡು ಸಲನೂ ಊರೋರೆಲ್ಲ ಬಂದು ಚಿನ್ನದಂಥ ಕೂಸು, ನೂರು ವರ್ಷ ಬಾಳ್ಲಿ ಅಂದಿದ್ರು. ನಾನೂ ಮನಸಿನಾಗೆ ಅಂದಿದ್ದೆ. ಎರಡೂ ಹೋದ್ವು. ಮೂರನೇದು ನೀನು. ತೊಟ್ಲಾಗೆ ಇಷ್ಟೇ ಇದ್ದೆ. ನೋಡಿ ಎದೆ ಝಲ್ ಅಂತು. ಬಾಯಿಗೆ ಬಂದಿದ್ದು ಅಂದುಬಿಟ್ಟೆ, ಉಳಿಯಲ್ಲ ಅಂತ. ಬೀಳೋದನ್ನ ಮೊದ್ಲೇ ಹೇಳಿ ಕೊಂಡುಬಿಟ್ರೆ ಬೀಳಲ್ವೇನೋ ಅಂತ." ಸೆರಗಿನಿಂದ ಮುಖ ಒರೆಸಿಕೊಂಡಳು. "ನಿಮ್ಮಮ್ಮ ಮೂರು ತಿಂಗ್ಳು ನನ್ನ ಕೂಡ ಮಾತು ಬಿಟ್ಲು. ಬಿಡ್ಲಿ. ಕೊಟ್ಟಿದ್ದು ಹೋತು, ನೀನು ಉಳಿದೆ."

ನನ್ನ ಇಪ್ಪತ್ತು ವರ್ಷದ ಪಾಠದಲ್ಲಿ ಪುಟ್ ಅಂದರೆ ಏನು ಎಂದು ನನಗೆ ಅರ್ಥವಾದದ್ದು ಆ ಬೆಂಚಿನ ಮೇಲೆ. ನಾನು ಅವಳ ಕೈ ಹಿಡಿದುಕೊಂಡೆ. ಅಂಗೈಯಲ್ಲಿ ಇನ್ನೂ ಖಾರದ ವಾಸನೆಯಿತ್ತು.

ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. ಮುಖಗವಸು ಇಳಿಸಿ, "ಎಲ್ಲ ಸರಿಯಾಯ್ತು, ಗಾಬರಿ ಇಲ್ಲ" ಎಂದರು. ಚಿಕ್ಕಮ್ಮ ಕೈ ಮುಗಿದಳು. ಬೆಂಚಿನ ಮೇಲೆ ಕುಸಿದು ಕೂತು ಗಟ್ಟಿಯಾಗಿ ಅತ್ತಳು. ಮೂರು ದಿನದ್ದಲ್ಲ, ಮೂವತ್ತು ವರ್ಷದ ಅಳು ಅದು.

ಈಗ ಚಿಕ್ಕಪ್ಪ ಚೀಲ ಎತ್ತುವಂತಿಲ್ಲ. ಕುರ್ಚಿ ಹಾಕಿಕೊಂಡು ಗಿರಣಿಯ ಮುಂದೆ ಕೂರುತ್ತಾರೆ, ಎರಡೂ ಕಡೆ ಹೊರಗಿನ ಬೇಲಿ ಹಾಕಿ ಸಣ್ಣಗೆ ರೊಪ್ಪದ ಆಟ ಆಡುತ್ತಾರೆ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುತ್ತಾರೆ. ಚಿಕ್ಕಮ್ಮ ಮತ್ತೆ ಪುಟ್ ಕೊಳ್ಳುತ್ತಾಳೆ. ಮಾರ್ಕೆಟ್ಟು ಮತ್ತೆ ಏರುತ್ತದೆ.

ಹೋದ ಭಾನುವಾರ ಜೋಳದ ಹಿಟ್ಟಿನ ಡಬ್ಬಿ ಬೈಕಿಗೆ ಕಟ್ಟಿ ಹೊರಟಿದ್ದೆ. ಚಿಕ್ಕಮ್ಮ ಗಿರಣಿಯ ಬಾಗಿಲಲ್ಲಿ ನಿಂತು, ಬೈಕಿನ ಟೈರು ನೋಡಿ, "ಈ ಗಾಡಿ ಹೊನ್ನಾಳಿ ಮುಟ್ಟಲ್ಲ" ಅಂದಳು. ನಲವತ್ನಾಲ್ಕು ವರ್ಷ ಇಂಥ ಮಾತಿಗೆ ಮುಖ ಸಿಂಡರಿಸಿಕೊಂಡು ಹೋದವನು ನಾನು. ಈ ಸಲ ಎಂಜಿನ್ ಆರಿಸಿದೆ.

"ಇನ್ನೊಂದ್ಸಲ ಹೇಳು ಚಿಕ್ಕಮ್ಮ" ಎಂದೆ.

ಅವಳು ಮೆಟ್ಟಿಲು ಇಳಿದು ಹತ್ತಿರ ಬಂದಳು. ನನ್ನ ಹೆಲ್ಮೆಟ್ಟಿನ ಪಟ್ಟಿ ಎಳೆದು ಬಿಗಿ ಮಾಡುತ್ತಾ, "ಮುಟ್ಟಲ್ಲ" ಅಂದಳು.